ನಾಯಿಗಿಂತ ಬೇಗ ಓಡಿದ ನಿಮಿಷ

೧
ಎಲ್ಲಿಂದ ಶುರು ಮಾಡಲಿ? ಸೆಪ್ಟೆಂಬರ್, ಭೂಮಧ್ಯರೇಖೆಯ ಕೆಳಗಿನ ನಮ್ಮ ಕಡೆ ವಸಂತ. ಉಣ್ಣೆ ಕತ್ತರಿಸುವ ಕೆಲಸ ಅರ್ಧಕ್ಕೆ ಬಂದಿದೆ. ಕೊಟ್ಟಿಗೆಯ ಮೂಲೆಯಲ್ಲಿ ಕ್ಲ್ಯಾರಿ ಡಗನ್, ಹರೆಯದಲ್ಲಿ ತಾನೇ ಕಟ್ಟಿದ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಕೂತಿದ್ದಾನೆ. ಪ್ರೊಸೆಸರ್ ಸತ್ತಿದೆ. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ.

(ಈ ಕತೆಯ ಮೊದಲ ಕರಡಿನಲ್ಲಿ ಆ ಪ್ರೊಸೆಸರ್ ಚಿಪ್‌ನ ಬಗ್ಗೆಯೇ ಎರಡು ಪುಟ ಬರೆದಿದ್ದೆ. ಕ್ಲ್ಯಾರಿಗೆ ಬಹಳ ಇಷ್ಟವಾಯಿತು. ಹರಿದುಹಾಕಿದೆ.)

೨
ಶನಿವಾರ ಕುರಿನಾಯಿಗಳ ಸ್ಪರ್ಧೆ. ಹದಿನೈದು ನಿಮಿಷದೊಳಗೆ ನಾಯಿ ಮೂರು ಕುರಿಗಳನ್ನು ದೊಡ್ಡಿಗೆ ಸೇರಿಸಬೇಕು. ಹೊತ್ತು ಎಣಿಸಿ ಗಂಟೆ ಬಾರಿಸುವುದು ಈ ಕಂಪ್ಯೂಟರ್ ಪೆಟ್ಟಿಗೆ. ಈ ಸಲ ಅದು ಕೈಕೊಟ್ಟರೆ ಮುಂದೆ ಫೋನೇ ಸಾಕು ಎಂದು ಸಮಿತಿ ಹೇಳಿಬಿಟ್ಟಿದೆ.

ಕ್ಲ್ಯಾರಿ ಅದೇ ವಂಶದ ಹೊಸ ಪ್ರೊಸೆಸರ್ ತರಿಸಿ ಕೂರಿಸಿದ. ಪರೀಕ್ಷೆಗೆಂದು ನೆರೆಯ ಲೋರ್ನಾ ಪಿಕರಿಂಗ್ ತನ್ನ ನಾಯಿ ಬಿಟ್ಟಳು. ಕುರಿಗಳು ದೊಡ್ಡಿಯ ದಾರಿಯಲ್ಲಿರುವ ಹಲಗೆಯ ಸೇತುವೆಯನ್ನೂ ದಾಟಿರಲಿಲ್ಲ, ಗಂಟೆ ಹೊಡೆಯಿತು.

“ಏನಯ್ಯಾ, ನನ್ ನಾಯಿ ಸೋಲ್ಲಿ ಅಂತ ಯಂತ್ರಕ್ಕೆ ಲಂಚ ಕೊಟ್ಟಿದ್ದೀಯಾ?”

“ಇಲ್ಲ ಕಣೇ. ಹಳೇದು ಆಕಳಿಸ್ಕೊಂಡು ಎಣಿಸ್ತಿತ್ತು. ಆ ನಿಧಾನ ನಂಬ್ಕೊಂಡೇ ಪ್ರೋಗ್ರಾಮ್ ಬರ್ದಿದ್ದೆ. ಇದು ಒಂದೇ ಉಸಿರಿಗೆ ಎಣಿಸಿ ಮುಗಿಸುತ್ತೆ.”

ಪ್ರೋಗ್ರಾಮನ್ನೇ ತಿದ್ದಬಹುದಲ್ಲ ಎಂದೆ ನಾನು.

“ಬರೆಯೋವಾಗ ನನಗೆ ಬುದ್ಧಿ ಇತ್ತು ಕಣಯ್ಯಾ. ಈಗ ಅದನ್ನ ಮುಟ್ಟೋಕೆ ಭಯ.”

೩ (ಕೈಬಿಟ್ಟದ್ದು)
ಇಲ್ಲಿ ಲೋರ್ನಾಳನ್ನು ವಿಧವೆ ಮಾಡಿ, ಅವಳಿಗೂ ಕ್ಲ್ಯಾರಿಗೂ ಮದುವೆ ಮಾಡಿಸಿದ್ದೆ. ಅವಳು ಓದಿದಳು.

“ನನ್ ಗಂಡ ಹೊರಗೆ ಟ್ರ್ಯಾಕ್ಟರ್ ತೊಳೀತಿದ್ದಾನೆ. ಸತ್ತಿದ್ದಾನಾ ಅಂತ ಅವನನ್ನೇ ಕೇಳಿ ಬಾ, ಹೋಗು.”

೩, ಮತ್ತೊಮ್ಮೆ
ಲೋರ್ನಾಳ ಅಟ್ಟದಲ್ಲಿ ಯಾರೂ ನುಡಿಸದ ಹಳೆಯ ಸಂಗೀತದ ಕೀಬೋರ್ಡ್ ಒಂದಿತ್ತು. ಅದರೊಳಗೂ ಅದೇ ಆಕಳಿಸುವ ಚಿಪ್.

“ತಗೋ. ಆದ್ರೆ ಬಿಟ್ಟಿ ಅಲ್ಲ. ನಿನ್ ಟಿಲ್ಲಿ ಮರಿ ಹಾಕಿದಾಗ ಮೊದಲ ಆಯ್ಕೆ ನಂದು.”

ಟಿಲ್ಲಿ ಕ್ಲ್ಯಾರಿಯ ಬಸುರಿ ನಾಯಿ. ವರ್ಷವರ್ಷವೂ ಅವನನ್ನು ಸೋಲಿಸಿ ಕಪ್ ಒಯ್ಯುವವಳು ಲೋರ್ನಾ. ಒಳ್ಳೆಯ ಮರಿಯೂ ಅವಳಿಗೇ ಹೋದರೆ ಇನ್ನೇನು ಉಳಿಯಿತು? ಅವನು ಎರಡು ಲೋಟ ಚಹಾ ಕುಡಿದ. ಹೊಸ ಚಿಪ್ಪನ್ನು, ಅಂದರೆ ಆ ಆತುರದ ಪ್ರೊಸೆಸರನ್ನು, ನೋಡಿದ, ಟಿಲ್ಲಿಯನ್ನು ನೋಡಿದ.

“ಕೊಡು,” ಎಂದ.

೫ (ನಾಲ್ಕರಲ್ಲಿ ಬರೀ ಚಿಪ್ ಕೂರಿಸುವ ಬೆಸುಗೆಯಿತ್ತು; ಬಿಟ್ಟೆ)
ಶನಿವಾರ ಪೆಟ್ಟಿಗೆ ಆಕಳಿಸುತ್ತಲೇ ಎಣಿಸಿತು. ಲೋರ್ನಾಳ ನಾಯಿಯ ಮೂರನೆಯ ಕುರಿ ದೊಡ್ಡಿಯ ಬಾಗಿಲಲ್ಲಿ ನಿಂತು ಯೋಚಿಸುತ್ತಿರುವಾಗ ಸರಿಯಾಗಿ ಹದಿನೈದನೇ ನಿಮಿಷಕ್ಕೆ ಅದು ಗಂಟೆ ಬಾರಿಸಿತು.

“ನಂದೇ ಚಿಪ್, ನನಗೇ ಬಾರಿಸ್ತಲ್ಲೋ!” ಎಂದು ನಕ್ಕವಳು ಅವಳೇ. ಸಮಿತಿಯವರು ಫೋನುಗಳನ್ನು ಜೇಬಿಗಿಳಿಸಿದರು.

ಕಡೆಗೆ ಕ್ಲ್ಯಾರಿ ಒಳ್ಳೆಯ ಮರಿಯನ್ನೇ ಕೊಟ್ಟ ಎಂದು ಬರೆದೆ. ಅಳಿಸಿ, ಬಚ್ಚಿಟ್ಟ ಎಂದು ಬರೆದೆ.

“ಹುಟ್ಟೋಕ್ ಮುಂಚೇನೇ ಯಾಕಯ್ಯಾ ಬರೀತೀಯ?” ಎಂದು ಕ್ಲ್ಯಾರಿ ಪೆನ್ನು ಕಿತ್ತುಕೊಂಡ.

ಮೇಜಿನ ಕೆಳಗೆ ಟಿಲ್ಲಿ ಹೊಟ್ಟೆ ಚಾಚಿ ಮಲಗಿದ್ದಳು. ಲೋರ್ನಾ ಬಗ್ಗಿ ಅಂಗೈ ಇಟ್ಟಳು.

“ಎಡಗಡೆ ಒದೀತಿದೆಯಲ್ಲ, ಅದೇ ನಂದು.”