ಮಾತುಕತೆಯ ಐದು ಸಾವಿರ

ಕಕ್ಕೇರಾದ ಕಂಬಳಿ ವ್ಯಾಪಾರಿ ತಾಯಪ್ಪ ಮಗನಿಗೆ ಹೆಣ್ಣು ಗೊತ್ತುಮಾಡಲು ಹಿರಿಯರೊಂದಿಗೆ ಶಹಾಪುರಕ್ಕೆ ಬಂದಿದ್ದ. ತುಂಗಭದ್ರೆಯ ಕಡೆ ಕಾಲುವೆ ಅಗೆಯುವ ಕೂಲಿಗಳು ಕಂಬಳಿ ಕೊಂಡಿದ್ದರಿಂದ ಆ ವರ್ಷ ಕೈಗೆ ಒಂದೂವರೆ ಸಾವಿರಕ್ಕೂ ಮಿಕ್ಕಿ ದಕ್ಕಿತ್ತು. ಹೆಣ್ಣಿನ ತಂದೆ ಬಸವಂತರಾಯ ಗಳಿಕೆ ಕೇಳಿದಾಗ ಮಾತ್ರ, "ಐದು ಸಾವ್ರರೀ" ಎಂದ.

ಅದು ಸುಳ್ಳಲ್ಲ, ರೂಢಿ. ಗಂಡಿನವರು ಮೂರು ಪಟ್ಟು ಹೇಳುತ್ತಾರೆ. ಹೆಣ್ಣಿನವರು ಮನಸ್ಸಿನಲ್ಲೇ ಮೂರರಿಂದ ಭಾಗಿಸಿಕೊಳ್ಳುತ್ತಾರೆ. ಬಾಯಿಬಿಟ್ಟು ಭಾಗಿಸಿದರೆ ಸಂಬಂಧ ಮುರಿದಂತೆಯೇ.

ಇನ್ನೇನು ವೀಳ್ಯ ಹಂಚಬೇಕು, ಆಗ ಬಾಗಿಲಲ್ಲಿ ಯಾದಗಿರಿಯ ಕಾರಕೂನ ಕಾಣಿಸಿಕೊಂಡ. ನಿಜಾಮ ಸರ್ಕಾರ ಹೊಸದಾಗಿ ವ್ಯಾಪಾರದ ಗಳಿಕೆಯ ಮೇಲೆ ತೆರಿಗೆ ಹಾಕಿತ್ತು. ತಾಯಪ್ಪನಂಥ ಸಣ್ಣ ಗಳಿಕೆಯವರಿಗೆ ಮಾಫಿ. ಬಸವಂತರಾಯನ ಕಿರಾಣಿ ಅಂಗಡಿಯ ಲೆಕ್ಕ ಬರೆದುಕೊಂಡವನು ತಾಯಪ್ಪನತ್ತ ತಿರುಗಿದ.

"ನಿಮ್ದು ವರ್ಷದ ಗಳಿಕಿ ಎಷ್ಟ್ರಿ?"

ಒಳಗಿನಿಂದ ಹುಡುಗಿಯ ಅಜ್ಜಿ ಮಲ್ಲಾಬಾಯಿ ಕೂಗಿದಳು: "ಸರ್ಕಾರದ ಮನ್ಯಾಗೂ ಹೆಣ್ಣದ ಏನು, ಗಳಿಕಿ ಕೇಳಾಕತ್ಯಾದ?"

ಎಲ್ಲರೂ ನಕ್ಕರು. ತಾಯಪ್ಪ ಬಾಯಿ ತೆರೆಯುವಷ್ಟರಲ್ಲಿ ಅವನ ಸೋದರಮಾವ ಅಯ್ಯಣ್ಣ ಎದೆಯುಬ್ಬಿಸಿ ಹೇಳಿಬಿಟ್ಟ: "ನಮ್ಮ ತಾಯಪ್ಪ ಅಂದ್ರ ಏನ್ ತಿಳ್ಕೊಂಡೀರಿ ಸಾಹೇಬ್ರ? ಐದು ಸಾವ್ರದ ಕುಳ! ಈಗಷ್ಟ ಐದು ಮಂದಿ ಎದುರಿಗೆ ಹೇಳ್ಯಾನ."

ಹಿರಿಯರೆಲ್ಲ ತಲೆಯಾಡಿಸಿದರು. ತಾಯಪ್ಪನ ಮಾನ ಕಾಪಾಡಿದ ಸಮಾಧಾನ ಅವರ ಮುಖದಲ್ಲಿತ್ತು.

ಕಾರಕೂನ ಬರೆಯದೆ ಲೇಖನಿ ತಡೆದ. ದನಿ ತಗ್ಗಿಸಿದ. "ನಾನೂ ಮದಿವಿ ಆದಾಂವ ಇದ್ದೀನ್ರಿ. ಕಡಿಮಿ ಇದ್ರ ಈಗs ಹೇಳ್ರಿ, ಹಂಗs ಬರೀತೀನಿ. ಹೆಬ್ಬೆಟ್ಟು ಒತ್ತಿದ ಮ್ಯಾಲ ನನ್ನ ಕೈಯಾಗ ಏನೂ ಇರಂಗಿಲ್ಲ."

ದನಿ ತಗ್ಗಿಸಿದರೇನು, ಅಂಗಳವೆಲ್ಲ ಕಿವಿಯಾಗಿತ್ತು. ತಾಯಪ್ಪ ಬಸವಂತರಾಯನನ್ನು ನೋಡಿದ. ಅವನಿಗೂ ನಿಜ ಗೊತ್ತಿತ್ತು, ಅದಕ್ಕೇ ಅವನು ಎಲೆಯ ತೊಟ್ಟು ಮುರಿಯುತ್ತ ತಲೆ ಎತ್ತಲೇ ಇಲ್ಲ. ಒಳಗೆ ಬಳೆಗಾರ್ತಿ ಬಸವಂತರಾಯನ ಮಗಳು ಸಾಯಬಮ್ಮನ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ಈ ತೆರಿಗೆ ಕಟ್ಟಿದರೆ ಮುಂದಿನ ಸುಗ್ಗಿಗೆ ಉಣ್ಣೆ ಕೊಳ್ಳಲು ಏನೂ ಉಳಿಯುವುದಿಲ್ಲ. ಕಡಿಮೆಯೆಂದು ಬಾಯಿಬಿಟ್ಟರೆ ಆ ಬಳೆಗಳನ್ನು ಇಳಿಸಬೇಕು.

"ಕಡಿಮಿ ಯಾಕಿರ್ತದ್ರಿ?" ಎಂದ ತಾಯಪ್ಪ. "ಬರಕೋರಿ."

"ಭಲೇ!" ಎಂದ ಅಯ್ಯಣ್ಣ.

ಕಾರಕೂನ ಮಸಿ ಹಚ್ಚಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಬಸವಂತರಾಯ ಎರಡೂ ಕೈಯಲ್ಲಿ ವೀಳ್ಯ ಚಾಚಿದ. ಎಲೆಗೆ ಮಸಿ ತಾಗೀತೆಂದು ತಾಯಪ್ಪ ಹೆಬ್ಬೆರಳನ್ನು ದೂರ ಎತ್ತಿ ಹಿಡಿದು, ಉಳಿದ ಬೆರಳುಗಳಿಂದಲೇ ಅದನ್ನು ಇಸಿದುಕೊಂಡ.