ಹೌಸವ್ವನ ಒಸಡು ಮತ್ತು ನಾನು

ನಾನು ಒಂದು ಹಲ್ಲುಜ್ಜುವ ಬ್ರಷ್ಷು. ಕರಗಿಸಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ದು ನನ್ನ ಹಿಡಿಕೆ ಮಾಡಿದರು. ತಲೆಗೆ ತೂತು ಹಾಕಿ ನೈಲಾನ್ ಎಳೆ ನೆಟ್ಟರು. ಒಸಡಿಗೆ ಚುಚ್ಚಬಾರದೆಂದು ತುದಿಗಳನ್ನು ಉಜ್ಜಿ ಮೆದು ಮಾಡಿದರು. ಮೆದುವಾಗಿರುವುದೇ ನನ್ನ ಧರ್ಮವೆಂದು ಹುಟ್ಟುವಾಗಲೇ ವಿಧಿಸಿಬಿಟ್ಟರು. ಎಂಥ ಬಾಯಿಗೆ ಬೀಳುತ್ತೇನೆಂದು ಮಾತ್ರ ಯಾರೂ ಹೇಳಲಿಲ್ಲ.

ಬಿದ್ದದ್ದು ತಂಬಾಕು ವಖಾರಿಯ ಅಂಗಳದಲ್ಲಿ. ಅಂದು ಅಲ್ಲಿ ದಂತ ಶಿಬಿರ. ಶಾಮಿಯಾನ, ಬ್ಯಾನರು, ಬ್ಯಾನರಿನ ತುಂಬ ವಖಾರಿ ಮಾಲೀಕರ ನಗುವ ಮುಖ. ಎಲೆ ಜಾಡಿಸಿ ಜಾಡಿಸಿ ಧೂಳಾದ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡೇ ಬಂದು ಕೂತರು. ಎಳೆಯ ಡಾಕ್ಟರು ಮೈಕಿನಲ್ಲಿ ಹೇಳಿದರು: ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಉಜ್ಜಿ. ಹಲ್ಲು ಒಸಡು ಕೂಡುವ ಕಡೆ ಮೆಲ್ಲಗೆ ಸುತ್ತಿಸಿ. ಉಂಡ ಮೇಲೆ ಬಾಯಿ ಮುಕ್ಕಳಿಸಿ. ತಂಬಾಕು ಮುಟ್ಟಬೇಡಿ.

"ತಂಬಾಕಿನ ವಖಾರ್ಯಾಗ ಕುಂತು ತಂಬಾಕು ಮುಟ್ಟಬ್ಯಾಡ್ರಿ ಅಂತಾನಲ್ಲs, ಇವನ ಬಾಯಾಗ ಸಕ್ರಿ ಹಾಕ!" ಹಿಂದಿನಿಂದ ಒಬ್ಬಳು ಅಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

"ಏ, ಹಲ್ಲ ಕಿಸೀಬ್ಯಾಡ್ರೇ, ಫೋಟೋ ತಗ್ಯಾಕತ್ತಾರ!" ಹೆಂಗಸರ ಕೆಲಸ ನೋಡಿಕೊಳ್ಳುವ ಮುಕಾದಮ ಗದರಿದ. ನಗು ಇನ್ನೂ ಜೋರಾಯಿತು. ಹಲ್ಲಿನ ಶಿಬಿರದಲ್ಲಿ ಹಲ್ಲು ತೋರಿಸಬಾರದಂತೆ.

ಹಾಗೆ ನಗಿಸಿದವಳೇ ಹೌಸವ್ವ. ಅವಳ ಬಾಯಿಗೆ ಟಾರ್ಚು ಹಿಡಿದ ಡಾಕ್ಟರ ಕೈ ತಟ್ಟನೆ ನಿಂತಿತು. ಕೆಳಗಿನ ಒಸಡಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಕಲೆ.

"ಅಮ್ಮಾ, ಇದನ್ನ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು. ತಡ ಮಾಡಬೇಡಿ."

"ರಜಾ ಯಾರ ಕೊಡ್ತಾರ್ರೀ?" ಅವಳು ಮುಕಾದಮನ ಕಡೆ ನೋಡಿದಳು. ಅವನು ಕ್ಯಾಮೆರಾ ನೋಡುತ್ತಿದ್ದ. ಡಾಕ್ಟರು ನನ್ನನ್ನು ಅವಳ ಕೈಗಿಟ್ಟು, "ಎರಡು ಹೊತ್ತೂ ತಪ್ಪಿಸಬೇಡಿ" ಎಂದರು. ಪೇಸ್ಟು ಬಂದಿರಲಿಲ್ಲ. ಮುಂದಿನ ಶಿಬಿರಕ್ಕೆ ಬರುತ್ತದಂತೆ.

ಡಾಕ್ಟರು ಹೇಳಿದ ಮಾತನ್ನು ಹೌಸವ್ವ ಮೀರುವವಳಲ್ಲ. ಮರುದಿನ ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಕೂತು ನನ್ನನ್ನು ನೀರಲ್ಲಿ ಅದ್ದಿದಳು. ಆಮೇಲೆ ಮಿಸ್ರಿ ಡಬ್ಬಿಯಲ್ಲಿ ಅದ್ದಿದಳು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಅರೆದ ಪುಡಿಯೇ ಮಿಸ್ರಿ. ಅವಳವ್ವ, ಅವಳತ್ತೆ, ಓಣಿಯ ಹೆಂಗಸರೆಲ್ಲ ಹಲ್ಲುಜ್ಜಿದ್ದು ಅದರಲ್ಲೇ. ಇಷ್ಟು ದಿನ ಬೆರಳಲ್ಲಿ ಹಚ್ಚುತ್ತಿದ್ದಳು. ಈಗ ನನ್ನಿಂದ, ತಳ ಹಿಡಿದ ಗಡಿಗೆ ತಿಕ್ಕುವ ಹಾಗೆ, ಒಸಡಿನ ಸಂದುಸಂದಿಗೂ ತುಂಬಿದಳು. ರಕ್ತ ಬಂತು. ಕೆಟ್ಟ ರಕ್ತ ಹೋಯಿತೆಂದು ಸಮಾಧಾನಪಟ್ಟಳು. ಮೊದಲು ಬೆಳಿಗ್ಗೆ ಮಾತ್ರ ಇದ್ದ ಮಿಸ್ರಿ, ಡಾಕ್ಟರ ಮಾತಿನಂತೆ, ಮಲಗುವ ಮುಂಚೆಯೂ ಶುರುವಾಯಿತು. ನನ್ನ ಮೆದು ಎಳೆಗಳು ಆ ವಿಷವನ್ನು ಬಿಳಿ ಕಲೆಯೊಳಕ್ಕೇ ಒಯ್ದು ಕೊಟ್ಟವು. ಕೂಗಿ ಹೇಳಲು ನನಗೆ ಬಾಯಿಲ್ಲ. ಬಾಯಿದ್ದವರು ಅಂಗಳಕ್ಕೆ ಬಂದು ಭಾಷಣ ಮಾಡಿ ಹೋಗಿಯಾಗಿತ್ತು.

ಕಾಲೇಜು ಹಾಸ್ಟೆಲಿನಲ್ಲಿದ್ದ ಮಗಳು ಮಾಲನ್ ದೀಪಾವಳಿಗೆ ಬಂದಾಗ ನೋಡಿದಳು.

"ಯವ್ವಾ, ಬ್ರಷ್ಷಿಗೆ ಮಿಸ್ರಿ ಹಚ್ಚತೀಯಲ್ಲs!"

"ಮತ್ತೇನ ಹಚ್ಚಲಿ? ಬರೀ ಬ್ರಷ್ಷ ಕೊಟ್ಟಾರ. ಉಜ್ಜ ಅಂದ್ರು, ಉಜ್ಜಾಕತ್ತೀನಿ."

ಮಾಲನ್ ನನ್ನನ್ನು ತೊಳೆದು, ಪೇಸ್ಟು ತಂದು, ಅವ್ವನ ಗದ್ದ ಹಿಡಿದು ತಾನೇ ಉಜ್ಜಿ ತೋರಿಸಿದಳು. ಮೆಲ್ಲಗೆ, ಸುತ್ತಿಸಿ ಸುತ್ತಿಸಿ. ಹೌಸವ್ವ ನೊರೆ ಉಗುಳಿ ನಕ್ಕಳು: "ಇಷ್ಟ ನಾಜೂಕಾಗಿ ನನ್ನ ಯಾರೂ ಮುಟ್ಟಿಲ್ಲವಾ. ನಿಮ್ಮಪ್ಪನೂ ಮುಟ್ಟಲಿಲ್ಲ."

ಮಿಸ್ರಿ ಡಬ್ಬಿ ಗೋಡೆಯ ಮಾಡಕ್ಕೆ ಹೋಯಿತು. ನಾಲ್ಕಾರು ದಿನ ನಾನು ನನ್ನ ಧರ್ಮಕ್ಕೆ ತಕ್ಕಂತೆ ಬದುಕಿದೆ. ಆದರೆ ವಖಾರಿಯಲ್ಲಿ ಮಧ್ಯಾಹ್ನ ಎದ್ದು ಉಂಡರೆ ಜಾಡಿಸಿದ ಎಲೆಯ ತೂಕ ಕಡಿಮೆ ಬೀಳುತ್ತದೆ. ತೂಕ ಕಡಿಮೆ ಬಿದ್ದವಳಿಗೆ ನಾಳೆ ಕೆಲಸವಿಲ್ಲ. ಅದಕ್ಕೇ ಹೆಂಗಸರು ಹೊಟ್ಟೆ ಕೂಗಿದಾಗ ಒಸಡಿಗೆ ಮಿಸ್ರಿ ಹಚ್ಚುತ್ತಾರೆ. ಹಸಿವು ಸಾಯುತ್ತದೆ. ಮಿಸ್ರಿ ಬಿಟ್ಟ ಹೌಸವ್ವ ಬರಿ ಹೊಟ್ಟೆಯಲ್ಲಿ ತಲೆ ತಿರುಗಿ ಎಲೆಯ ರಾಶಿಯ ಮೇಲೆ ಬಿದ್ದಳು. ಉಣ್ಣಲು ಹೊತ್ತು ಕೊಡಿ ಎಂದು ಬಾಯಿಬಿಟ್ಟು ಕೇಳಿದಳಂತೆ.

"ಹೌಸವ್ವಾ, ಇದು ವಖಾರಿ, ನಿನ್ನ ತವರಮನಿ ಅಲ್ಲ," ಅಂದನಂತೆ ಮುಕಾದಮ.

ಡಬ್ಬಿ ಮಾಡದಿಂದ ಇಳಿಯಿತು.

ಕಲೆ ಹುಣ್ಣಾಯಿತು. ಮಾಲನ್ ಅವ್ವನನ್ನು ಜಗ್ಗಾಡಿ ದೊಡ್ಡಾಸ್ಪತ್ರೆಗೆ ಒಯ್ಯುವ ಹೊತ್ತಿಗೆ ದವಡೆಯ ಒಂದು ಮಗ್ಗುಲನ್ನೇ ತೆಗೆಯಬೇಕಾಯಿತು. ತಿರುಗಿ ಬಂದವಳ ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ಅಲ್ಲಿ ನನಗೆ ಜಾಗವಿಲ್ಲ. ನನ್ನ ಎಳೆಗಳೂ ಬಾಗಿ ಚದುರಿದ್ದವು. ಈಗ ಬಚ್ಚಲ ಗೂಡಿನಲ್ಲಿದ್ದೇನೆ, ಕುಪ್ಪಸದ ಕೊರಳ ಕೊಳೆ ತಿಕ್ಕಲು. ತಂಬಾಕಿನ ಕೊಳೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಕುಪ್ಪಸ ಹೌಸವ್ವನದಲ್ಲ. ಮಾಲನ್ ಕಾಲೇಜು ಬಿಟ್ಟು ವಖಾರಿಯಲ್ಲಿ ಅವ್ವನ ಜಾಗದಲ್ಲಿ ಕೂತಿದ್ದಾಳೆ. ಮತ್ತೆ ಶಿಬಿರವಾಯಿತು. ಈ ಸಲ ಪೇಸ್ಟೂ ಕೊಟ್ಟರು.

ಆ ಸಂಜೆ ಮಾಲನ್ ಹೊಸ ಬ್ರಷ್ಷು ಹಿಡಿದು ಕಲ್ಲಿನ ಮೇಲೆ ಕೂತಳು. ಒಸಡಿನ ಅಂಚು, ಹಿಂದಿನ ದವಡೆ, ನಾಲಿಗೆ, ಯಾವುದನ್ನೂ ಬಿಡಲಿಲ್ಲ. ಬಾಗಿಲಲ್ಲಿ ಗದ್ದಕ್ಕೆ ಬಟ್ಟೆ ಒತ್ತಿ ಹೌಸವ್ವ ನೋಡುತ್ತಿದ್ದಳು. ಮಾಲನ್ ಉಗುಳಿದಳು.

ನೊರೆ ಕಂದು ಬಣ್ಣಕ್ಕೆ ತಿರುಗಿತ್ತು.

"ಮಧ್ಯಾಹ್ನ ಭಾಳ ಹಸಿವಾಗತೈತವ್ವಾ," ಮಾಲನ್ ತಲೆ ಎತ್ತದೆ ಅಂದಳು.

ಹೌಸವ್ವ ಬಂದು ಕಲ್ಲಿನ ಮೇಲಿನ ನೊರೆಗೆ ನೀರು ಹೊಯ್ದಳು.

ಡಾಕ್ಟರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೆಳಿಗ್ಗೆ ಉಜ್ಜಿ, ಮಲಗುವ ಮುಂಚೆ ಉಜ್ಜಿ, ಉಂಡ ಮೇಲೆ ಬಾಯಿ ಮುಕ್ಕಳಿಸಿ. ಅಯ್ಯಾ, ಮೊದಲು ಉಣ್ಣಲು ಬಿಡಿ.