ಆಡಿಸಬಾರದ ಮಂಡಿ

ಅಣ್ಣ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬೆಳಗಿನ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದಾಗ. ಸೊಸೆ ಬಾಗಿಲ ಬಳಿ ನಿಂತಿದ್ದಳು. ಕೈಯಲ್ಲಿ ಫೋನಿತ್ತು. ಅದನ್ನು ಕಿವಿಗೂ ಹಿಡಿದಿರಲಿಲ್ಲ, ಕೆಳಗೂ ಇಟ್ಟಿರಲಿಲ್ಲ. ನಾನು ಕಣ್ಣು ಮುಚ್ಚಿ ಕುಳಿತಿರುವಾಗ ಅವಳು ಎಂದೂ ಕೋಣೆಯೊಳಗೆ ಬಂದವಳಲ್ಲ.

"ಅತ್ತೆ, ಮಾವ ಹೋಗ್ಬಿಟ್ರು," ಎಂದಳು. "ರಾತ್ರಿ ಮಲಗಿದವರು ಏಳಲೇ ಇಲ್ವಂತೆ. ಅವರ ಮನೆಯಿಂದ ಈಗ ಫೋನ್ ಬಂತು."

ನನ್ನ ಬಾಯಿಂದ ದೇವರ ಹೆಸರು ಬಂತು. ಎದ್ದು ನಿಲ್ಲಬೇಕೆಂದು ಕುರ್ಚಿಯ ಕೈಗಳನ್ನು ಒತ್ತಿದೆ. ಮೈ ಏಳಲಿಲ್ಲ. ಆಮವಾತ ಇರುವವರಿಗೆ ಬೆಳಗಿನ ಹೊತ್ತು ಎಂಥದೆಂದು ಗೊತ್ತು. ರಾತ್ರಿಯೆಲ್ಲ ಯಾರೋ ಕೂತು ಕೀಲುಕೀಲಿಗೂ ಗಾರೆ ಮೆತ್ತಿ ಹೋದ ಹಾಗಿರುತ್ತದೆ. ಬೆರಳು ಮಡಚಲು ಬಾರದು, ಮಡಚಿದ ಮಂಡಿ ಬಿಚ್ಚಲು ಬಾರದು. ಅಣ್ಣ ಹೋದ ದಿನವೆಂದು ಆ ಬಿಗಿತಕ್ಕೇನು ಗೊತ್ತು?

ಮಗ ಅಂಗಿಯ ಗುಂಡಿ ಹಾಕುತ್ತಲೇ ಓಡಿ ಬಂದ. ಅವನದು ಹಿಟ್ಟಿನ ಗಿರಣಿ. ದಿನವಿಡೀ ಆ ಸದ್ದಿನಲ್ಲಿ ಕೂಗಿ ಕೂಗಿ ಮನೆಯಲ್ಲಿಯೂ ಅವನ ಮಾತು ಕೂಗೇ.

"ಅಮ್ಮ, ಏಳ್ಬೇಡ! ಕೂತ್ಕೋ. ನಾನು ಹೋಗ್ತೀನಿ. ಹನ್ನೊಂದರ ಒಳಗೆ ಸ್ಮಶಾನದಲ್ಲಿ ಇರ್ಬೇಕಂತೆ, ವ್ಯಾನು ಹೇಳಿಯಾಗಿದೆ."

"ನಾನೂ ಬರ್ತೀನಿ. ಅವನ ಮುಖ ನೋಡ್ಬೇಕು."

"ಹೇಗೆ ಬರ್ತೀಯ?"

ನಮ್ಮದು ಮೂರನೆಯ ಮಹಡಿ, ಲಿಫ್ಟಿಲ್ಲದ ಹಳೆಯ ಕಟ್ಟಡ. ಬೇಸಿಗೆಯಲ್ಲಿ ನನ್ನ ಕಾಯಿಲೆ ಕೆರಳಿ, ಬಚ್ಚಲಲ್ಲಿ ಬಿದ್ದು, ಎಡಮಂಡಿ ಕುಂಬಳದಂತೆ ಊದಿ ಆಸ್ಪತ್ರೆ ಸೇರಿದ್ದೆ. ಬಿಡುಗಡೆಯಾದ ದಿನ ಇಬ್ಬರು ಆಳುಗಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತರು. ಎರಡನೆಯ ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡು ವಾಲಿತು, ನನ್ನ ತಲೆ ಗೋಡೆಗೆ ಬಡಿಯಿತು. ಕೆಳಗೆ ನಿಂತಿದ್ದ ಮಗನ ಮುಖ ಸುಣ್ಣದಂತೆ ಬಿಳುಚಿಕೊಂಡದ್ದನ್ನು ನಾನು ಮೇಲಿನಿಂದ ಕಂಡಿದ್ದೆ. ಆಮೇಲೆ ನಾನು ಬೀದಿಗೆ ಇಳಿದಿರಲಿಲ್ಲ.

"ಫೋನಲ್ಲಿ ತೋರಿಸ್ತೀನಿ," ಎಂದ ಮಗ, ದನಿ ತಗ್ಗಿಸಿ. "ಹತ್ತಿರದಿಂದ ತೋರಿಸ್ತೀನಿ. ಎಲ್ಲಾ ಕಾಣತ್ತೆ."

"ನನ್ನ ಅಣ್ಣನ್ನ ನಾನು ಫೋನಲ್ಲಿ ಕಳಿಸಿಕೊಡ್ಲಾ?"

"ಅಮ್ಮ, ಮಂಡಿ ಆಡಿಸಬಾರದು ಅಂದಿದಾರೆ. ಡಾಕ್ಟರ ಮಾತು ಮೀರಿ ನಿನ್ನ ಇಳಿಸಿ, ನೀನೂ ಬಿದ್ದು ಹೋದ್ರೆ ನಾನೇನು ಮಾಡ್ಲಿ?"

ಹೇಳಿದ್ದು ಡಾಕ್ಟರಲ್ಲ, ಆಸ್ಪತ್ರೆಯಲ್ಲಿ ನನಗೆ ವ್ಯಾಯಾಮ ಮಾಡಿಸುತ್ತಿದ್ದ ಮೇಡಂ. ನಾನು ಮನೆಗೆ ಬಂದು ಕೆಲವು ವಾರಗಳಾದ ಮೇಲೆ ಆಕೆ ಮಗನ ಗಿರಣಿಗೆ ಫೋನ್ ಮಾಡಿದ್ದಳು. "ಮಂಡಿ ಆಡಿಸಬೇಡಿ ಅಂದ್ರು," ಎಂದು ಅವನು ಸಂಜೆ ಬಂದು ಹೇಳಿದ. ಅಂದಿನಿಂದ ನಾನು ಹಾಸಿಗೆ, ಕುರ್ಚಿ, ಬಚ್ಚಲು ಇಷ್ಟಕ್ಕೇ ಆದೆ. ಅದೂ ಸೊಸೆಯ ತೋಳಿಗೆ ಜೋತು.

ಅಣ್ಣ ಮಾತ್ರ ಇದನ್ನು ಒಪ್ಪಲಿಲ್ಲ. ಅವನು ಪಕ್ಕದ ಬೀದಿಯವನು, ಜೀವಮಾನವೆಲ್ಲ ಬಸ್ಸು ಓಡಿಸಿದವನು. ಹರೆಯದಲ್ಲೇ ಅವನ ಬೆನ್ನುಮೂಳೆಗೆ ವಾತ ಹಿಡಿದು, ಮಣಿಮಣಿ ಬೆಸೆದುಕೊಂಡು, ಕತ್ತು ಮುಂದಕ್ಕೆ ಬಾಗಿ ನಿಂತುಬಿಟ್ಟಿತ್ತು. ಡಿಪೋದಲ್ಲಿ ಅವನಿಗೆ 'ನೆಲ ನೋಡೋ ಡ್ರೈವರ್' ಎಂದೇ ಹೆಸರು. ದಿನ ಬೆಳಗಾದರೆ ಮೈ ಎಳೆದು, ತಿರುಗಿಸಿ, ನಡೆದು, ಆ ಬೆನ್ನನ್ನು ನಿವೃತ್ತಿಯವರೆಗೂ ಸೀಟಿನಲ್ಲಿ ಕೂರಿಸಿದ್ದ. ಮಗ ಗಿರಣಿಗೆ ಹೋದ ಮೇಲೆ ನಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದ. ನಾನು ಕುಳಿತಿದ್ದರೆ ಅವನ ಬಾಗಿದ ಮುಖ ನನ್ನ ಮುಖಕ್ಕೆ ನೇರ.

"ಏನೇ ಪುಟ್ಟಿ, ಬೇರು ಬಿಡ್ತಾ ಇದೀಯಾ ಕುರ್ಚಿಗೆ? ಕಾಲು ಚಾಚು ನೋಡೋಣ."

"ಮೇಡಂ ಬೇಡ ಅಂದಿದಾರೆ ಕಣೋ."

"ಮಂಡಿ ಬೇಡ ಅಂದ್ರು. ಪಾದ ಬೇಡ ಅಂದ್ರಾ? ಪಾದ ಆಡ್ಸು. ಪಾದದ ಜೊತೆ ಮಂಡಿ ತಾನಾಗೇ ಬಂದ್ರೆ ನಾವೇನು ಮಾಡೋಕಾಗತ್ತೆ?"

ಹಾಗೆ ಶುರುವಾದದ್ದು. ಕುರ್ಚಿಯಲ್ಲೇ ಕಾಲು ಚಾಚಿ ಹಿಡಿಯುವುದು, ತೊಡೆ ಬಿಗಿ ಮಾಡಿ ಸಡಿಲಿಸುವುದು, ಬಿಸಿನೀರಿನಲ್ಲಿ ಬೆರಳು ಮಡಚಿ ಬಿಚ್ಚುವುದು, ಕಿಟಕಿಯ ಸರಳು ಹಿಡಿದು ಎದ್ದು ಕೂರುವುದು. ಸೊಸೆ ಬಾಗಿಲಲ್ಲಿ ನಿಂತು ಮೆಟ್ಟಿಲ ಕಡೆ ಕಿವಿಯಿಟ್ಟು ಕಾಯುತ್ತಿದ್ದಳು, ಕಳ್ಳತನಕ್ಕೆ ಕಾವಲಿದ್ದ ಹಾಗೆ. "ಮೇಡಂನ ಒಂದು ಮಾತು ಕೇಳ್ಬಿಡೋಣ್ವಾ ಮಾವ?" ಎಂದು ಅವಳು ಕೇಳಿದರೆ ಅಣ್ಣ ಕೈಯಾಡಿಸುತ್ತಿದ್ದ. "ಕೇಳ್ಬಾರ್ದಮ್ಮ. ಕೇಳಿದ್ರೆ ಉತ್ತರ ಕೊಟ್ಬಿಡ್ತಾರೆ."

ಮೆಟ್ಟಿಲಿಗೆ ಮಾತ್ರ ಇನ್ನೂ ಕಾಲಿಟ್ಟಿರಲಿಲ್ಲ. ಅದನ್ನು ಬರುವ ವಾರ ಶುರು ಮಾಡೋಣವೆಂದು ಹಿಂದಿನ ದಿನವಷ್ಟೇ ಹೇಳಿ ಹೋಗಿದ್ದ.

ಮಗ ಚಪ್ಪಲಿ ಹುಡುಕುತ್ತಿದ್ದ. ಸೊಸೆ ಅವನಿಗೆ ಅಡ್ಡ ಬಂದು ನಿಂತಳು.

"ರೀ, ಅತ್ತೆ ದಿನಾ ಎದ್ದು ನಿಲ್ತಾರೆ. ಕಿಟಕಿ ಹಿಡ್ಕೊಂಡು ಈ ಕೊನೆಯಿಂದ ಆ ಕೊನೆಗೆ ನಡೀತಾರೆ. ಮಾವ ಮಾಡಿಸ್ತಿದ್ರು. ನಾನೇ ಕಾವಲಿರ್ತಿದ್ದೆ."

ಅವನು ಒಂದು ಚಪ್ಪಲಿ ಕೈಯಲ್ಲಿ ಹಿಡಿದು ನಿಂತ. "ನನ್ನ ಮನೇಲಿ, ನನಗೇ ಗೊತ್ತಿಲ್ದೆ?"

"ಗೊತ್ತಾದ್ರೆ ಬಿಡ್ತಿದ್ರಾ?"

"ಮಂಡಿ ಮುರಿದಿದ್ರೆ? ಯಾರು ಹೊಣೆ? ಮಾವ ಬರ್ತಿದ್ರಾ ಹೊಣೆ ಹೊರೋಕೆ?" ಅಂದ. ಅಂದ ಮೇಲೆ ಮಾವ ಇಲ್ಲವೆಂಬುದು ನೆನಪಾಗಿ ತುಟಿ ಕಚ್ಚಿಕೊಂಡ.

ಸೊಸೆ ಮೇಡಂಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮಾಡಿ ನನ್ನ ತೊಡೆಯ ಮೇಲಿಟ್ಟಳು.

"ಮೇಡಂ, ಅತ್ತೆಯ ಅಣ್ಣ ತೀರ್ಕೊಂಡ್ರು. ಇವರು ಇಳಿದು ಹೋಗಿ ಮುಖ ನೋಡ್ಬೇಕು ಅಂತಾರೆ. ನೀವು ಮಂಡಿ ಆಡಿಸ್ಬೇಡಿ ಅಂದಿದ್ರಿ. ಏನ್ ಮಾಡ್ಲಿ?"

"ಆಡಿಸ್ಬೇಡಿ ಅಂತ ಯಾರಂದ್ರು?"

"ನೀವೇ. ನಮ್ಮನೆಯವರ ಹತ್ರ."

"ನಾನಾ?" ಅತ್ತ ಕಡೆಯ ದನಿ ಏರಿತು. "ಊತ ಇಳಿದಿದ್ರೆ ಇನ್ನು ಹೆದರ್ಕೊಂಡು ಕೂರಿಸ್ಬಾರ್ದು, ದಿನಾ ಮಂಡಿ ಆಡಿಸ್ಬಿಡಿ ಅಂದೆ. ಆಡಿಸಿಬಿಡಿ ಅಂತ! ನೀವು ಇಷ್ಟು ದಿನ ಏನು ಮಾಡಿದ್ರಿ?"

ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ಕಲಿಸಿದವಳು ನಾನು. ಬಕಾರಕ್ಕೆ ಗುಡಿಸು ಕೊಟ್ಟರೆ ಬಿ, ಏತ್ವ ಕೊಟ್ಟು ದೀರ್ಘ ಎಳೆದರೆ ಬೇ ಎಂದು ಸಾವಿರ ಸಲ ಹಲಗೆಯ ಮೇಲೆ ಬರೆದಿದ್ದೇನೆ. ಗಿರಣಿಯ ಸದ್ದಿನಲ್ಲಿ ಒಂದು ಗುಡಿಸು ಏತ್ವವಾಗಿ ಹೋಗಿತ್ತು.

"ಕಲ್ಲು ತಿರುಗ್ತಿತ್ತು ಆಗ," ಎಂದ ಮಗ, ಯಾರಿಗೆಂದಿಲ್ಲದೆ. "ನನಗೆ ಬೇಡಿ ಅಂತಾನೇ ಕೇಳಿಸ್ತು."

ಸೊಸೆ ಕಳ್ಳ ವ್ಯಾಯಾಮದ ಕಥೆಯನ್ನೆಲ್ಲ ಹೇಳಿದಳು. ಮೇಡಂ ಒಂದಾದ ಮೇಲೊಂದು ಕೇಳಿದಳು. ಮಂಡಿ ಬಿಸಿಯಿದೆಯೇ, ಕೆಂಪಾಗಿದೆಯೇ, ಆಸರೆಯಿಲ್ಲದೆ ಕುರ್ಚಿಯಿಂದ ಏಳುತ್ತಾರೆಯೇ?

"ಮಾಡಿದ್ದು ಒಳ್ಳೇದಾಯ್ತು. ಆದ್ರೆ ಮೆಟ್ಟಿಲು ಅಂದ್ರೆ ಬೇರೆ ಲೆಕ್ಕ. ಇಳಿಯೋವಾಗ ನೋವಿರೋ ಕಾಲು ಮೊದಲು, ಕೋಲು ಅದರ ಜೊತೆಗೆ. ಒಬ್ಬರು ಕೆಳಗಿನ ಮೆಟ್ಟಿಲಲ್ಲಿ ಇರ್ಬೇಕು, ಒಬ್ಬರು ಹಿಂದೆ. ಸುಮ್ನೆ ನೋವಾದ್ರೆ ನಿಂತು ಮುಂದೆ ಹೋಗ್ಲಿ. ಮಂಡಿ ಕುಸಿದ ಹಾಗಾದ್ರೆ ಅಲ್ಲೇ ಕೂರ್ಲಿ, ಹಟ ಬೇಡ. ಇನ್ನೊಂದು, ಈಗಲೇ ಎಬ್ಬಿಸ್ಬೇಡಿ. ಬೆಳಗಿನ ಬಿಗಿತ ಬಿಡ್ಬೇಕು. ಬಿಸಿ ಬಟ್ಟೆ ಹಾಕಿ, ಕಾಲು ಆಡಿಸಿ, ಆಮೇಲೆ."

ಹೊತ್ತು ಎಲ್ಲಿತ್ತು? ಆದರೂ ಬೇರೆ ದಾರಿಯಿರಲಿಲ್ಲ. ಸೊಸೆ ಬಿಸಿನೀರಲ್ಲಿ ಟವೆಲ್ಲು ಹಿಂಡಿ ಮಂಡಿಗೆ ಸುತ್ತಿದಳು. ನಾನು ಕಾಲು ಚಾಚಿದೆ, ಹಿಡಿದೆ, ಇಳಿಸಿದೆ. ಪಕ್ಕದ ಬೀದಿಯಲ್ಲಿ ಅಣ್ಣನನ್ನು ಮೀಯಿಸಿ ಬಟ್ಟೆ ಹೊದಿಸುತ್ತಿರುವ ಹೊತ್ತಿನಲ್ಲಿ ನಾನು ಕುರ್ಚಿಯಲ್ಲಿ ಕುಳಿತು ವ್ಯಾಯಾಮ ಮಾಡುತ್ತಿದ್ದೆ. ಕಣ್ಣೀರು ಗಲ್ಲದಿಂದ ಕೈಮೇಲೆ ಬೀಳುತ್ತಿತ್ತು, ಒರೆಸಲು ಬೆರಳು ಮಡಚುತ್ತಿರಲಿಲ್ಲ. ಮಗ ಬಾಗಿಲಿಗೂ ಕಿಟಕಿಗೂ ನಡುವೆ ಸುತ್ತುತ್ತಿದ್ದ. ಅತ್ತಿಗೆಯ ಫೋನ್ ಬಂತು. ಅವನೇ ಮಾತಾಡಿ ನನ್ನ ಕಡೆ ತಿರುಗಿದ.

"ವ್ಯಾನು ಬಂದಿದೆಯಂತೆ. ನಿಮ್ಮ ಗೇಟಿನ ಮುಂದೆಯೇ ತರ್ತೀವಿ, ಆದ್ರೆ ಬೀದಿ ಕಿರಿದು, ನಿಲ್ಲಿಸೋಕಾಗಲ್ಲ, ಅಷ್ಟರಲ್ಲಿ ಕೆಳಗಿರ್ಲಿ ಅಂತಾರೆ. ಆಯ್ತಾ ಅಮ್ಮ?"

"ಇನ್ನೂ ಇಲ್ಲ."

"ಇನ್ನೂ ಎಷ್ಟು?"

"ಮಂಡಿನ ಕೇಳು."

ಕೊನೆಗೆ ಮಂಡಿ ಬಿಟ್ಟುಕೊಟ್ಟಿತು. ಪೂರಾ ಅಲ್ಲ, ಬಾಗಿಲು ಓರೆಯಾದಷ್ಟು. ಸೊಸೆ ಆಸ್ಪತ್ರೆಯಿಂದ ತಂದಿದ್ದ ಕೋಲನ್ನು ನನ್ನ ಎಡಗೈಗೆ ಕೊಟ್ಟು, ಒಣ ಟವೆಲ್ಲನ್ನು ನನ್ನ ಸೊಂಟಕ್ಕೆ ಬಿಗಿದು ಅದರ ತುದಿಯನ್ನು ತನ್ನ ಕೈಗೆ ಸುತ್ತಿಕೊಂಡಳು. ಮಗ ಒಂದು ಮೆಟ್ಟಿಲು ಕೆಳಗೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತ. ನಾನು ಬಾಗಿಲ ಬಳಿ ನಿಂತು ಕೆಳಗೆ ನೋಡಿದೆ. ನೋಡಬಾರದಿತ್ತು. ಮೆಟ್ಟಿಲುಗಳು ಬಾವಿಯೊಳಗೆ ಇಳಿದಂತೆ ಕಂಡವು.

ದೇವರೇ, ಬೇರೇನೂ ಕೇಳುವುದಿಲ್ಲ, ಅವನ ಮುಖದವರೆಗೆ ಮುಟ್ಟಿಸು ಎಂದುಕೊಂಡು ಕೋಲನ್ನೂ ಎಡಗಾಲನ್ನೂ ಇಳಿಬಿಟ್ಟೆ.

ನೋವು ಮಂಡಿಯಿಂದ ಹಲ್ಲಿನವರೆಗೆ ಹತ್ತಿತು. ಬಲಗಾಲು ಪಕ್ಕಕ್ಕೆ ಬಂತು. ಮತ್ತೆ ಕೋಲು, ಎಡಗಾಲು, ಬಲಗಾಲು. ಬಲಗೈಯ ಬೆರಳುಗಳು ಮೆಟ್ಟಿಲ ಕಂಬಿಯನ್ನು ಹಿಡಿಯಲು ಒಲ್ಲದೆ ಹೋದವು. ಮೊಣಕೈಯನ್ನೇ ಕಂಬಿಯ ಮೇಲೆ ಹೇರಿದೆ. ಒಂದು ಮಹಡಿಯಷ್ಟು ಇಳಿದಾಗ ಮಗನ ಅಂಗಿ ಬೆವರಿ ಬೆನ್ನಿಗೆ ಅಂಟಿತ್ತು. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನು ತೆಗೆಯಲಿಲ್ಲ.

ಕುರ್ಚಿ ವಾಲಿದ್ದ ತಿರುವಿನಲ್ಲಿ ಕಂಬಿ ಕಿತ್ತು ಹೋಗಿತ್ತು. ಅಲ್ಲಿ ಹಿಡಿಯಲು ಬರೀ ಗೋಡೆ. ಅಂಗೈ ಊರಿ ಕಾಲಿಟ್ಟೆ. ಮಂಡಿ ಒಳಗೊಳಗೇ ಜಾರಿದಂತಾಗಿ ಕುಸಿಯಿತು. ಸೊಸೆ ಟವೆಲ್ಲು ಎಳೆದು ಹಿಡಿದಳು, ಮಗ ಎರಡೂ ಕೈ ಚಾಚಿದ. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ಸಾಕಮ್ಮ," ಎಂದ ಮಗ. "ಕೈಮುಗೀತೀನಿ. ಮೇಲೆ ಹೋಗ್ಬಿಡೋಣ."

"ಮೇಲಕ್ಕೂ ಮೆಟ್ಟಿಲೇ ಅಲ್ವೇನೋ ಇರೋದು?"

ಅಷ್ಟರಲ್ಲಿ ಕೆಳಗೆ ವ್ಯಾನಿನ ಸದ್ದು ಕೇಳಿಸಿತು. ಬಂದು ನಿಂತಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಯಾರೋ "ತೆಗೀರಿ, ತೆಗೀರಿ" ಎಂದು ಕೂಗಿದರು.

"ನೀನು ಓಡು," ಎಂದೆ. "ಹೋಗಿ ನಿಲ್ಸು."

"ನಿನ್ನ ಬಿಟ್ಟಾ? ನೀನು ಬಿದ್ರೆ ಮುಂದೆ ಯಾರಿದಾರೆ?"

"ಹಿಂದೆ ಇವಳಿದಾಳೆ. ಮೇಲೆ ಅವನಿದಾನೆ. ನೀನಿಲ್ಲಿ ನಿಂತ್ರೆ ನಾನು ಬೀಳಲ್ಲ, ಆದ್ರೆ ಗಾಡಿ ಹೊರಟು ಹೋಗತ್ತೆ."

ಅವನು ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನು ಆ ಮೆಟ್ಟಿಲಿನಿಂದ ಕಾಲು ಕೀಳಲು ಪಟ್ಟ ಪಾಡು ನಾನು ಪಟ್ಟದ್ದಕ್ಕಿಂತ ಕಡಿಮೆಯೇನಲ್ಲ. ಆಮೇಲೆ ಎರಡೆರಡು ಮೆಟ್ಟಿಲು ಹಾರುತ್ತ ಇಳಿದುಹೋದ.

ಮೆಟ್ಟಿಲು ಯಾವ ಕುರ್ಚಿಗಿಂತಲೂ ತಗ್ಗು. ಅಲ್ಲಿಂದ ಎದ್ದು ನನಗೆ ಅಭ್ಯಾಸವಿರಲಿಲ್ಲ. ಪಾದಗಳನ್ನು ಹಿಂದಕ್ಕೆ ಎಳೆದುಕೊಂಡೆ, ಎದೆಯನ್ನು ಮುಂದಕ್ಕೆ ಬಾಗಿಸಿದೆ, ತೊಡೆ ಬಿಗಿದೆ. ಏಳಲಾಗಲಿಲ್ಲ. ಮತ್ತೆ ಬಾಗಿದೆ.

"ಅತ್ತೆ, ನಾನು ಎಳೀಲಾ?"

"ಎಳೀಬೇಡ. ಹಿಡ್ಕೊಂಡಿರು ಅಷ್ಟೆ."

ಮೂರನೆಯ ಸಲ ತೊಡೆಗಳು ನಡುಗುತ್ತ ನಡುಗುತ್ತ ನನ್ನನ್ನು ಎತ್ತಿದವು. ನಿಂತೆ. ಉಸಿರು ಕೂಡಿಸಿಕೊಂಡೆ. ಗೋಡೆಗೆ ಭುಜ ಒರಗಿಸಿ, ಕೋಲು ಇಳಿಸಿ, ಎಡಗಾಲು ಇಳಿಸಿದೆ. ಈ ಸಲ ಮಂಡಿ ನಿಂತಿತು. ಕೆಳಗಿನಿಂದ ಮಗನ ಕೂಗು ಕಟ್ಟಡದೊಳಗೆಲ್ಲ ಮೊಳಗುತ್ತಿತ್ತು: "ಯಾರೂ ಗಾಡಿ ತೆಗೀಬೇಡಿ! ನಮ್ಮಮ್ಮ ಬರ್ತಾ ಇದಾರೆ! ಬರ್ತಾ ಇದಾರೆ!"

ಕೊನೆಯ ಸಾಲು ಮೆಟ್ಟಿಲು ಇಳಿದದ್ದು ನನಗೆ ಸರಿಯಾಗಿ ನೆನಪಿಲ್ಲ. ಸೊಸೆಯ ಬಿಸಿಯುಸಿರು ಕತ್ತಿಗೆ ತಾಗುತ್ತಿದ್ದದ್ದು ನೆನಪಿದೆ. ಬಾಗಿಲಾಚೆಯ ಬಿಸಿಲು ಕಣ್ಣಿಗೆ ಹೊಡೆದದ್ದು ನೆನಪಿದೆ.

ಮಗ ವ್ಯಾನಿನ ಮುಂದೆ ಎರಡೂ ಕೈ ಚಾಚಿ ನಿಂತಿದ್ದ. ಬೀದಿಯುದ್ದಕ್ಕೂ ಗಾಡಿಗಳು. ನನ್ನನ್ನು ಕಂಡ ಮೇಲೆ ಹಾರ್ನುಗಳು ಒಂದೊಂದಾಗಿ ನಿಂತವು. ಅತ್ತಿಗೆ ಹಿಂದಿನ ಬಾಗಿಲು ತೆರೆಸಿದಳು. "ನೋಡು ಬಾ," ಎಂದಳು. ಅಷ್ಟೇ.

ತಲೆಯನ್ನು ಬಾಗಿಲ ಕಡೆಗಿಟ್ಟು ಮಲಗಿಸಿದ್ದರು. ಬೆಸೆದುಕೊಂಡ ಕತ್ತು ನೇರವಾಗದೆ, ದಿಂಬುಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಮುಖ ಶಾಂತವಾಗಿತ್ತು. ಗಲ್ಲದ ಮೇಲೆ ಕ್ಷೌರದಲ್ಲಿ ತಪ್ಪಿ ಉಳಿದ ಒಂದೆರಡು ಬಿಳಿಗೂದಲು. ನಾನು ಅವನ ಹಣೆಯ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಬಹಳ ಮಾತು ಹೇಳಬೇಕೆಂದು ಮೆಟ್ಟಿಲುದ್ದಕ್ಕೂ ಅಂದುಕೊಂಡು ಬಂದಿದ್ದೆ. "ಅಣ್ಣಾ" ಎನ್ನುವುದಷ್ಟೇ ಆಯಿತು.

ಮಗ ಬಂದು ನನ್ನ ತೋಳು ಹಿಡಿದ. ವ್ಯಾನು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನಾನು ನಿಂತೇ ಇದ್ದೆ. ಸೊಸೆ ಕುರ್ಚಿ ತಂದಳು, ಕೂರಲಿಲ್ಲ. ನಿಂತೇ ಕಣ್ಣು ಮುಚ್ಚಿದೆ.

ದೇವರೇ, ಒಡಹುಟ್ಟಿದವನನ್ನು ಕೊಟ್ಟವನು ನೀನು, ಕರೆಸಿಕೊಂಡವನೂ ನೀನು. ನೋವಿನ ಮೈಯನ್ನು ಅವನು ಗೊಣಗದೆ ಹೊತ್ತ. ತನ್ನ ನೋವಿನ ನಡುವೆಯೂ ಇನ್ನೊಬ್ಬರ ನೋವಿಗೆ ಬಂದು ನಿಂತ. ಅವನಲ್ಲಿ ತಪ್ಪುಗಳಿದ್ದರೆ ಮನ್ನಿಸು. ಆ ಹೆಣ್ಣು ಜೀವಕ್ಕೆ, ಅವನ ಹೆಂಡತಿಗೆ, ಧೈರ್ಯ ಕೊಡು. ದಣಿದು ಬಂದ ನನ್ನ ಅಣ್ಣನನ್ನು ನಿನ್ನ ಕರುಣೆಯ ನೆರಳಿನಲ್ಲಿ ಇರಿಸಿಕೋ. ಅವನ ಆತ್ಮಕ್ಕೆ ಶಾಂತಿಯನ್ನು ದಯಪಾಲಿಸು, ತಂದೆ.